ಜನರೇ ಸ್ಟಾರ್ ಕೊಡುವ ಸರ್ಚ್ ಎಂಜಿನ್ ಗೂಗಲ್‌ಗೆ ಸಾಟಿಯಾಗುತ್ತದೆಯೇ?

ಪ್ರಶ್ನೆ: ಗೂಗಲ್‌ನಲ್ಲಿ ಏನು ಹುಡುಕಿದರೂ ಮೊದಲು ಜಾಹೀರಾತು, ಆಮೇಲೆ ಕೆಲಸಕ್ಕೆ ಬಾರದ ಪುಟಗಳು. ಸಿನಿಮಾಕ್ಕೆ, ಆ್ಯಪ್‌ಗೆ ಜನ ಸ್ಟಾರ್ ಕೊಡುತ್ತಾರಲ್ಲ, ಹಾಗೆಯೇ ಹುಡುಕಾಟದ ಫಲಿತಾಂಶಗಳಿಗೂ ಜನರೇ ರೇಟಿಂಗ್ ಕೊಡುವ ಸರ್ಚ್ ಎಂಜಿನ್ ಬಂದರೆ ಗೂಗಲ್, ಬಿಂಗ್‌ಗಳ ಜೊತೆ ಪೈಪೋಟಿಗೆ ನಿಲ್ಲಬಲ್ಲದೇ?

ನಿಲ್ಲಲಾರದು. ಇಷ್ಟೇ ಉತ್ತರ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಕೆಲವರು ಗೂಗಲ್ ಮೇಲಿನ ಸಿಟ್ಟಿಗೆ ಕೇಳುತ್ತಾರೆ, ಕೆಲವರು ‘ಯಾರಿಗೂ ಹೇಳಬೇಡಿ, ಒಂದು ಸ್ಟಾರ್ಟಪ್ ಐಡಿಯಾ ಇದೆ’ ಎಂದು ಶುರುಮಾಡುತ್ತಾರೆ. ಈ ಎರಡನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ: ಗುಟ್ಟು ಕಾಯುವ ತಾಪತ್ರಯ ಬೇಡ. ಇದನ್ನು ಕಟ್ಟಿ, ನಡೆಸಿ, ಬಾಗಿಲು ಹಾಕಿಯೂ ಆಗಿದೆ.

ವಿಕಿಪೀಡಿಯದ ಜಿಮ್ಮಿ ವೇಲ್ಸ್ 2008ರ ಜನವರಿಯಲ್ಲಿ ‘ವಿಕಿಯಾ ಸರ್ಚ್’ ಶುರುಮಾಡಿದರು. ಪ್ರತಿ ಫಲಿತಾಂಶಕ್ಕೂ ಐದು ಸ್ಟಾರ್. ಜನ ರೇಟಿಂಗ್ ಕೊಡುತ್ತಾ ಹೋದಂತೆ ಎಂಜಿನ್ ತಾನೇ ಸುಧಾರಿಸುತ್ತದೆ ಎಂಬ ಲೆಕ್ಕಾಚಾರ. ವಿಶ್ವಕೋಶವನ್ನೇ ಜನರ ಕೈಯಲ್ಲಿ ಬರೆಸಿದವರಿಗೆ ಇದ್ಯಾವ ಮಹಾ ಕೆಲಸ ಎಂದುಕೊಂಡವರು ಬಹಳ ಮಂದಿ. 2009ರ ಮಾರ್ಚ್ ಮುಗಿಯುವುದರೊಳಗೆ ಮುಚ್ಚುವ ಘೋಷಣೆ ಬಂತು. ಗೂಗಲ್ ಕೂಡ 2008ರ ನವೆಂಬರ್‌ನಲ್ಲಿ ‘ಸರ್ಚ್‌ವಿಕಿ’ ತಂದಿತ್ತು. ಲಾಗಿನ್ ಆದವರು ಫಲಿತಾಂಶವೊಂದನ್ನು ಮೇಲಕ್ಕೇರಿಸಬಹುದು, ಬೇಡವಾದದ್ದನ್ನು ತೆಗೆಯಬಹುದು, ಕಾಮೆಂಟ್ ಹಾಕಬಹುದು; ಬದಲಾವಣೆ ಮಾತ್ರ ಅವರವರ ಪರದೆಗಷ್ಟೇ. 2010ರ ಮಾರ್ಚ್‌ನಲ್ಲಿ ಅದನ್ನೂ ಎತ್ತಿಟ್ಟರು.

ರಿಚ್ ಸ್ಕ್ರೆಂಟಾ ಎಂಬವರಂತೂ ಇಂಥದ್ದಕ್ಕೆ ಎರಡು ಸಲ ಕೈಹಾಕಿದರು. 1998ರಲ್ಲಿ ಗೆಳೆಯರೊಂದಿಗೆ ಶುರುಮಾಡಿದ, ಸ್ವಯಂಸೇವಕರು ಜಾಲತಾಣಗಳನ್ನು ಆರಿಸಿ ಜೋಡಿಸುವ ಡೈರೆಕ್ಟರಿ ಮುಂದೆ ‘ಡಿಮೋಜ್’ ಎಂದು ಹೆಸರಾಯಿತು, 2017ರಲ್ಲಿ ಮುಚ್ಚಿತು. 2010ರಲ್ಲಿ ತಂದ ‘ಬ್ಲೆಕ್ಕೊ’ ಸರ್ಚ್ ಎಂಜಿನ್‌ನಲ್ಲಿ ಬಳಕೆದಾರರೇ ವಿಷಯವಾರು ಒಳ್ಳೆಯ ತಾಣಗಳ ಪಟ್ಟಿ ಮಾಡಿ, ಹುಡುಕಾಟವನ್ನು ಅವಕ್ಕೆ ಸೀಮಿತಗೊಳಿಸಬಹುದಿತ್ತು, 2015ರಲ್ಲಿ ಐಬಿಎಂ ಪಾಲಾಯಿತು. (ಇದೇ ಸ್ಕ್ರೆಂಟಾ 1982ರಲ್ಲಿ, ಹೈಸ್ಕೂಲ್ ಹುಡುಗನಾಗಿದ್ದಾಗ, ಫ್ಲಾಪಿಯಿಂದ ಫ್ಲಾಪಿಗೆ ಹರಡುವ ‘ಎಲ್ಕ್ ಕ್ಲೋನರ್’ ವೈರಸ್ ಬರೆದವರು. ವಿಷಯಕ್ಕೆ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.)

ಈ ಇತಿಹಾಸ ಹೇಳಿದ ಕೂಡಲೇ ಸಿಗುವ ಮರುಪ್ರಶ್ನೆಯೂ ನನಗೆ ಬಾಯಿಪಾಠವಾಗಿದೆ: ‘ಅವೆಲ್ಲ ಹಣವಿಲ್ಲದೆ ಸೋತವು. ಗೂಗಲ್‌ನಲ್ಲಿ ಯಂತ್ರವೇ ಎಲ್ಲ ತೀರ್ಮಾನಿಸುತ್ತದೆ, ಜನರನ್ನು ಕೇಳುವುದೇ ಇಲ್ಲ. ಜನರನ್ನು ಕೇಳಿದರೆ ಒಳ್ಳೆಯದು ತಾನಾಗಿ ಮೇಲೆ ಬರುತ್ತದೆ.’ ಎಷ್ಟು ಸಲ ಬಿಡಿಸಿ ಹೇಳಿದರೂ ಈ ಒಂದು ನಂಬಿಕೆ ಮಾತ್ರ ಅಲುಗುವುದಿಲ್ಲ. ಇವತ್ತು ಸ್ವಲ್ಪ ಪುರುಸೊತ್ತಾಗಿಯೇ ಇದನ್ನು ನೋಡೋಣ.

ಗೂಗಲ್ ಹುಟ್ಟಿದ್ದೇ ಜನರ ಅಭಿಪ್ರಾಯದ ಮೇಲೆ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ 1998ರಲ್ಲಿ ಮುಂದಿಟ್ಟ ‘ಪೇಜ್‌ರ‍್ಯಾಂಕ್’ ಮಾಡಿದ್ದೇನು? ಒಬ್ಬರು ತಮ್ಮ ಪುಟದಿಂದ ಇನ್ನೊಬ್ಬರ ಪುಟಕ್ಕೆ ಲಿಂಕ್ ಕೊಟ್ಟರೆ ಅದನ್ನೊಂದು ವೋಟು ಎಂದು ಎಣಿಸಿತು. ಹೆಚ್ಚು ವೋಟು ಗಳಿಸಿದವರು ಹಾಕಿದ ವೋಟಿಗೆ ಹೆಚ್ಚು ತೂಕ ಕೊಟ್ಟಿತು. ಲಿಂಕ್ ಹಾಕುವವರು ಮನುಷ್ಯರೇ ತಾನೆ?

ಆಮೇಲೆ ಬಂದದ್ದು ಕ್ಲಿಕ್. ಒಬ್ಬರು ‘ಪಿಡಿಎಫ್ ಸೈಜ್ ಕಡಿಮೆ ಮಾಡುವುದು ಹೇಗೆ’ ಎಂದು ಹುಡುಕುತ್ತಾರೆ ಅನ್ನಿ. ಮೊದಲ ಲಿಂಕ್ ಒತ್ತುತ್ತಾರೆ. ಪುಟ ತೆರೆದುಕೊಳ್ಳುವ ಮೊದಲೇ ‘ನೋಟಿಫಿಕೇಶನ್ ಕಳಿಸಬಹುದೇ’ ಎಂಬ ಪೆಟ್ಟಿಗೆ, ಅದನ್ನು ಮುಚ್ಚಿದರೆ ವಿಡಿಯೊ ಜಾಹೀರಾತು, ಅದನ್ನೂ ದಾಟಿದರೆ ‘ಪಿಡಿಎಫ್ ಎಂದರೇನು’ ಎಂಬ ಉದ್ದನೆಯ ಪೀಠಿಕೆ. ನಾಲ್ಕೈದು ಸೆಕೆಂಡಿಗೆ ಬ್ಯಾಕ್ ಒತ್ತಿ ವಾಪಸ್. ಎರಡನೆಯದನ್ನು ಹಾರಿಸಿ ಮೂರನೆಯದಕ್ಕೆ ಹೋಗುತ್ತಾರೆ, ಅಲ್ಲಿ ಕೆಲಸ ಆಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಅವರು ಯಾರಿಗೂ ಸ್ಟಾರ್ ಕೊಡಲಿಲ್ಲ. ಆದರೂ ಮೊದಲನೆಯದು ನಪಾಸು, ಮೂರನೆಯದು ಪಾಸು ಎಂದು ದಾಖಲಾಗಿ ಹೋಯಿತು.

ಇದು ನನ್ನ ಊಹೆಯಲ್ಲ. ಅಮೆರಿಕ ಸರ್ಕಾರ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ, 2023ರಲ್ಲಿ, ಗೂಗಲ್ ಸರ್ಚ್‌ನ ಉಪಾಧ್ಯಕ್ಷ ಪಾಂಡು ನಾಯಕ್ ಪ್ರಮಾಣ ಮಾಡಿ ಸಾಕ್ಷಿ ನುಡಿದಿದ್ದಾರೆ. ‘ನ್ಯಾವ್‌ಬೂಸ್ಟ್’ ಎಂಬ ವ್ಯವಸ್ಥೆಯಲ್ಲಿ 13 ತಿಂಗಳ ಕ್ಲಿಕ್‌ಗಳ ನೆನಪು ಇರುತ್ತದೆ, ಯಾವ ಪ್ರಶ್ನೆಗೆ ಯಾವ ಪುಟ ಮೇಲೆ ಬರಬೇಕು ಎಂಬುದರಲ್ಲಿ ಅದಕ್ಕೆ ದೊಡ್ಡ ಪಾತ್ರ ಇದೆ. ಅಂದರೆ ಬಳಕೆದಾರರೇ ಅಂಕ ಕೊಡುವ ಅತಿದೊಡ್ಡ ಸರ್ಚ್ ಎಂಜಿನ್ ಆಗಲೇ ಇದೆ. ಅದರ ಹೆಸರು ಗೂಗಲ್. ಅಂಕ ಕೊಡುತ್ತಿರುವುದು ಕೊಡುವವರಿಗೇ ಗೊತ್ತಿಲ್ಲ, ಅಷ್ಟೇ.

‘ಇರಲಿ, ಕದ್ದು ನೋಡುವುದಕ್ಕಿಂತ ನೇರವಾಗಿ ಕೇಳುವುದು ಒಳ್ಳೆಯದಲ್ಲವೇ?’ ಎನ್ನುತ್ತೀರಿ. ಮರ್ಯಾದೆಯ ದೃಷ್ಟಿಯಿಂದ ಹೌದು. ಫಲಿತಾಂಶದ ದೃಷ್ಟಿಯಿಂದ ನೋಡಿದರೆ, ಕೇಳಿದಾಗ ಉತ್ತರಿಸುವವರು ಯಾರು? ಪಿಡಿಎಫ್ ಕೆಲಸ ಮುಗಿದವರು ಟ್ಯಾಬ್ ಮುಚ್ಚಿ ಹೋದರು. ಉಳಿಯುವವರು ಇಬ್ಬರು: ಸಿಟ್ಟಿಗೆದ್ದವರು ಮತ್ತು ಆ ಪುಟದ ಮಾಲೀಕರು. ಸಿಟ್ಟು ಒಂದು ದಿನಕ್ಕೆ ಇಳಿಯುತ್ತದೆ, ಮಾಲೀಕರ ಉತ್ಸಾಹ ಇಳಿಯುವುದಿಲ್ಲ.

ಇನ್ನೊಂದು ತೊಡಕು ಯಾರ ಗಮನಕ್ಕೂ ಬರುವುದಿಲ್ಲ. ಸಿನಿಮಾ ಒಂದೇ, ನೋಡಿ ಅಂಕ ಕೊಡುವವರು ಲಕ್ಷಾಂತರ. ಹುಡುಕಾಟದಲ್ಲಿ ಅಂಕ ಸಲ್ಲಬೇಕಾದದ್ದು ಪುಟವೊಂದಕ್ಕೇ ಅಲ್ಲ, ಈ ಪ್ರಶ್ನೆಗೆ ಈ ಪುಟ ಎಂಬ ಜೋಡಿಗೆ. ‘ಪೈಥಾನ್’ (ಪ್ರೋಗ್ರಾಮಿಂಗ್ ಭಾಷೆಯ ಹೆಸರೂ ಹೌದು, ಹೆಬ್ಬಾವಿನ ಹೆಸರೂ ಹೌದು) ಎಂದು ಹುಡುಕಿದ ಪ್ರೋಗ್ರಾಮರ್ ಐದು ಸ್ಟಾರ್ ಕೊಟ್ಟ ಪುಟ, ಹೆಬ್ಬಾವಿನ ಬಗ್ಗೆ ಓದಲು ಬಂದವರಿಗೆ ಯಾವ ಪ್ರಯೋಜನಕ್ಕೂ ಬಾರದು. ಹಾಗಾಗಿ ಕೋಟಿಗಟ್ಟಲೆ ಪ್ರಶ್ನೆಗಳಿಗೆ ಕೋಟಿಗಟ್ಟಲೆ ಪುಟಗಳನ್ನು ಗುಣಿಸಿದಷ್ಟು ಖಾಲಿ ಚೌಕಗಳು. ಅವನ್ನು ತುಂಬುವವರು ಯಾರು? ಗೂಗಲ್ ಹೇಳುವ ಪ್ರಕಾರ ಅದಕ್ಕೆ ದಿನವೂ ಬರುವ ಪ್ರಶ್ನೆಗಳಲ್ಲಿ ಸುಮಾರು ಶೇ 15ರಷ್ಟು ಹಿಂದೆಂದೂ ಬಂದಿರದವು. ಅವಕ್ಕೆ ರೇಟಿಂಗ್ ಎಲ್ಲಿಂದ ತರುತ್ತೀರಿ?

ಸುಳ್ಳು ವೋಟುಗಳ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ, ಆನ್‌ಲೈನ್‌ನಲ್ಲಿ ಏನಾದರೂ ಕೊಂಡವರಿಗೆಲ್ಲ ಗೊತ್ತಿದೆ. ಗೊತ್ತಿಲ್ಲದ್ದು ಒಂದಿದೆ. ಲೆವ್ ಮುಚ್ನಿಕ್, ಸಿನಾನ್ ಆರಲ್, ಶಾನ್ ಟೇಲರ್ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುದ್ದಿ ಹಂಚಿಕೊಳ್ಳುವ ತಾಣವೊಂದರ ಕೆಲವು ಕಾಮೆಂಟ್‌ಗಳಿಗೆ ಸುಮ್ಮನೆ ಒಂದೊಂದು ಸುಳ್ಳು ಮೆಚ್ಚುಗೆ ಒತ್ತಿದರು. ಒಂದೇ ಒಂದು. ಕೊನೆಗೆ ನೋಡಿದರೆ ಅವುಗಳ ಅಂಕ ಸರಾಸರಿ ಶೇ 25ರಷ್ಟು ಏರಿತ್ತು. ಮೊದಲು ವೋಟು ಹಾಕಿದವರ ಹಿಂದೆಯೇ ಉಳಿದವರು ಹೋಗುತ್ತಾರೆ. ಮೊದಲು ಹಾಕುವವರು ಯಾರೆಂದು ಆಗಲೇ ಹೇಳಿದೆ.

ಕ್ಲಿಕ್‌ನಲ್ಲೂ ಇಂಥ ಮೋಸ ಇಲ್ಲವೇ? ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೋಕಿಮ್ಸ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಹೇಳದೆ ಮೊದಲ ಎರಡು ಫಲಿತಾಂಶಗಳನ್ನು ಅದಲುಬದಲು ಮಾಡಿ ತೋರಿಸಿದರು. ಆಗಲೂ ಹೆಚ್ಚು ಕ್ಲಿಕ್ ಬಿದ್ದದ್ದು ಮೇಲೆ ಕೂತದ್ದಕ್ಕೇ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ತಿಳಿದದ್ದು, ಮೇಲಿರುವುದೇ ಒಳ್ಳೆಯದು ಎಂದು ನಾವು ನಂಬಿಬಿಟ್ಟಿರುತ್ತೇವೆ. ಆದರೆ ಕೋಟಿಗಟ್ಟಲೆ ಕ್ಲಿಕ್ ಕೈಯಲ್ಲಿದ್ದರೆ ಜಾಗ ಬದಲಿಸಿ ನೋಡಿ ಈ ಓರೆಯನ್ನು ಕಳೆದು ಲೆಕ್ಕ ಹಾಕಬಹುದು. ಬೆರಳೆಣಿಕೆಯ ಸ್ಟಾರ್‌ಗಳಲ್ಲಿ ಏನನ್ನು ಕಳೆಯುತ್ತೀರಿ?

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಗೊತ್ತಿಲ್ಲ ಎಂದೇ ಹುಡುಕುತ್ತೇವೆ. ಎದೆನೋವಿನ ಬಗ್ಗೆ ಹುಡುಕಿದವರು ಓದಿದ ಪುಟ ಸರಿಯೋ ತಪ್ಪೋ ಹೇಗೆ ಹೇಳಿಯಾರು? ಧೈರ್ಯ ತುಂಬಿದ ಪುಟಕ್ಕೆ ಐದು ಸ್ಟಾರ್ ಬೀಳುತ್ತದೆ, ‘ಈಗಲೇ ಆಸ್ಪತ್ರೆಗೆ ಹೋಗಿ’ ಎಂದ ಪುಟಕ್ಕೆ ಎರಡು. ಪಾಠ ಕೇಳಲು ಬಂದವರ ಕೈಗೇ ಕೆಂಪು ಪೆನ್ನು ಕೊಟ್ಟ ಹಾಗೆ. ಗೂಗಲ್‌ಗೂ ಇದು ಗೊತ್ತಿರುವುದರಿಂದಲೇ ಜಗತ್ತಿನಾದ್ಯಂತ ಸುಮಾರು 16,000 ಮಂದಿಗೆ ಸಂಬಳ ಕೊಟ್ಟು, 150ಕ್ಕೂ ಹೆಚ್ಚು ಪುಟಗಳ ಕೈಪಿಡಿ ಓದಿಸಿ ಫಲಿತಾಂಶಗಳನ್ನು ಅಳೆಯಿಸುತ್ತದೆ. ಅಷ್ಟಾದರೂ ಅವರ ಅಂಕದಿಂದ ಯಾವ ಪುಟವೂ ನೇರವಾಗಿ ಮೇಲೆ ಕೆಳಗೆ ಆಗುವುದಿಲ್ಲ. ಎಂಜಿನ್‌ನಲ್ಲಿ ಮಾಡಿದ ಬದಲಾವಣೆ ಒಳ್ಳೆಯದಾಯಿತೇ ಎಂದು ಪರೀಕ್ಷಿಸಲು ಮಾತ್ರ ಬಳಕೆ.

‘ಹಣವಿಲ್ಲದೆ ಸೋತವು’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಬ್ರೌಸರ್, ಮೊಬೈಲ್‌ಗಳಲ್ಲಿ ಮೊದಲೇ ಹೊಂದಿಸಿಟ್ಟ ಸರ್ಚ್ ಎಂಜಿನ್ ತಾನೇ ಆಗಿರಬೇಕೆಂದು ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ಕೊಟ್ಟದ್ದು ಅದೇ ಮೊಕದ್ದಮೆಯಲ್ಲಿ ಬಯಲಾಯಿತು. ಗೂಗಲ್‌ನ ಜಾಹೀರಾತು ವಿಭಾಗವನ್ನೇ ನಡೆಸಿದ್ದ ಶ್ರೀಧರ್ ರಾಮಸ್ವಾಮಿ ಹೊರಬಂದು ಕಟ್ಟಿದ ‘ನೀವಾ’ ಸರ್ಚ್ ಎಂಜಿನ್ ಕೂಡ 2023ರಲ್ಲಿ ಹುಡುಕಾಟದ ಸೇವೆ ನಿಲ್ಲಿಸಿತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಮರುವರ್ಷ ಪರಿಹಾರ ಸೂಚಿಸುವಾಗ ಗೂಗಲ್ ತನ್ನ ಕ್ರೋಮ್ ಬ್ರೌಸರ್ ಮಾರಬೇಕಿಲ್ಲ ಎಂದರು, ಆದರೆ ಬಳಕೆದಾರರ ನಡವಳಿಕೆಯ ದತ್ತಾಂಶದಲ್ಲಿ ಒಂದಷ್ಟನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕು ಎಂದರು. ಕೋರ್ಟು ಹಂಚಿಸಲು ಹೊರಟದ್ದು ಯಾವುದನ್ನು ನೋಡಿ: ಕ್ಲಿಕ್‌ಗಳನ್ನು. ಸ್ಟಾರ್‌ಗಾಗಿ ಯಾರೂ ಕಟಕಟೆ ಹತ್ತಲಿಲ್ಲ.

ಹಾಗಾದರೆ ಜನರ ರೇಟಿಂಗ್ ಎಲ್ಲೂ ಉಪಯೋಗವಿಲ್ಲವೇ? ಇದೆ, ಎರಡು ಕಡೆ. ದುಡ್ಡು ಕೊಟ್ಟು ಬಳಸುವ ‘ಕಾಗಿ’ ಸರ್ಚ್ ಎಂಜಿನ್‌ನಲ್ಲಿ ಯಾವ ತಾಣ ಮೇಲೆ ಬರಬೇಕು, ಯಾವುದು ಕಾಣಲೇಬಾರದು ಎಂದು ನಿಮಗೆ ನೀವೇ ಹೇಳಿಕೊಳ್ಳಬಹುದು. ಅಂಕ ಪುಟಕ್ಕಲ್ಲದೆ ಇಡೀ ತಾಣಕ್ಕೆ ಇರುವುದರಿಂದ ಚೌಕಗಳು ಬೇಗ ತುಂಬುತ್ತವೆ, ನಿಮಗೊಬ್ಬರಿಗೇ ಅನ್ವಯಿಸುವುದರಿಂದ ಮೋಸ ಮಾಡಿ ಗಿಟ್ಟುವುದೇನೂ ಇಲ್ಲ. ಎಲ್ಲರ ಆಯ್ಕೆಗಳ ಒಟ್ಟು ಪಟ್ಟಿಯನ್ನೂ ಅವರು ಪ್ರಕಟಿಸುತ್ತಾರೆ. ಬ್ಲಾಕ್ ಆದವುಗಳಲ್ಲಿ ಚಿತ್ರ ಹಂಚಿಕೊಳ್ಳುವ ತಾಣ ಪಿಂಟರೆಸ್ಟ್ ಮುಂಚೂಣಿಯಲ್ಲಿದೆ. ಚಿತ್ರ ಹುಡುಕಿದವರಿಗೆ ಕಾರಣ ಹೇಳಬೇಕಿಲ್ಲ. ಇನ್ನೊಂದು ಕಡೆ ರೆಡ್ಡಿಟ್, ಸ್ಟ್ಯಾಕ್ ಓವರ್‌ಫ್ಲೋ ಥರದ ಚರ್ಚೆ, ಪ್ರಶ್ನೋತ್ತರದ ತಾಣಗಳು. ಅಲ್ಲಿ ವೋಟು ಹಾಕುವವರಲ್ಲಿ ವಿಷಯ ಬಲ್ಲವರು ಸಾಕಷ್ಟು ಇರುತ್ತಾರೆ, ಒಂದೇ ಪ್ರಶ್ನೆಯ ಕೆಳಗೆ ಎಲ್ಲರೂ ಸೇರಿರುತ್ತಾರೆ. ಹುಡುಕುವಾಗ ಕೊನೆಗೆ ‘ರೆಡ್ಡಿಟ್’ ಎಂದು ಸೇರಿಸುವವರು ಮಾಡುತ್ತಿರುವುದು ಇದನ್ನೇ: ಬೇರೆಲ್ಲೋ ಮೊದಲೇ ನಡೆದ ಮತದಾನವನ್ನು ಎರವಲು ಪಡೆಯುವುದು.

ಇನ್ನೊಂದು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಚಾಟ್‌ಬಾಟ್ ಉತ್ತರಗಳ ಕೆಳಗೆ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂಬ ಗುಂಡಿಗಳಿವೆಯಲ್ಲ, ಅವು ಇದೇ ಸ್ಟಾರ್‌ನ ಮರುಜನ್ಮ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಚಾಟ್‌ಜಿಪಿಟಿಗೆ ಒಂದು ಅಪ್‌ಡೇಟ್ ಬಿಟ್ಟಿತು. ಕೆಲವೇ ದಿನಗಳಲ್ಲಿ ಅದು ಬಳಕೆದಾರರು ಏನು ಹೇಳಿದರೂ ‘ಅದ್ಭುತ, ಎಂಥ ವಿಚಾರ’ ಎಂದು ಹೊಗಳತೊಡಗಿ ನಗೆಪಾಟಲಾಯಿತು, ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಆಮೇಲೆ ಅವರೇ ಕೊಟ್ಟ ವಿವರಣೆಯಲ್ಲಿ, ಆ ಅಪ್‌ಡೇಟ್‌ನ ತರಬೇತಿಗೆ ಹೊಸದಾಗಿ ಸೇರಿಸಿದ ಸಂಕೇತಗಳಲ್ಲಿ (ಯಾವ ಉತ್ತರ ಒಳ್ಳೆಯದು ಎಂದು ಚಾಟ್‌ಬಾಟ್‌ಗೆ ಕಲಿಸುವ ಸೂಚನೆಗಳಲ್ಲಿ) ಬಳಕೆದಾರರ ಹೆಬ್ಬೆರಳುಗಳೂ ಇದ್ದವು. ಹೊಗಳಿಕೆಗೆ ಹಿಡಿತ ಹಾಕಿದ್ದ ಹಳೆಯ ಸಂಕೇತವನ್ನು ಇವೆಲ್ಲ ಸೇರಿ ದುರ್ಬಲಗೊಳಿಸಿದವು ಎಂದು ಅವರ ಅಂದಾಜು.

ಹಾಗೆಂದು ಆ ಗುಂಡಿ ಮುಟ್ಟಲೇಬೇಡಿ ಎನ್ನುತ್ತಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ ಉತ್ತರ ತಪ್ಪಾಗಿದ್ದರೆ ಕೆಳಗಿನದನ್ನು ಒತ್ತಿ, ತಪ್ಪು ಏನೆಂದೂ ಒಂದು ಸಾಲು ಬರೆಯಿರಿ. ಗೊತ್ತಿಲ್ಲದ ವಿಷಯವಾದರೆ, ಉತ್ತರ ಎಷ್ಟೇ ಹಿತವಾಗಿದ್ದರೂ, ಸುಮ್ಮನೆ ಬಿಟ್ಟುಬಿಡಿ.