ಒಂದು ಅಕ್ಷರ ಬದಲಾದರೆ ಮನಸ್ಸೇ ಬದಲಾಗುತ್ತದೆಯೇ? ಕಾಗ್ನಿಟಿವ್ ಫಂಕ್ಷನ್ ಗೋಜಲಿನ ಹಿನ್ನೆಲೆ

ವ್ಯಕ್ತಿತ್ವದ ಟೈಪನ್ನು ನಾಲ್ಕು ಅಕ್ಷರಗಳಲ್ಲಿ ಹೇಳುವ ಎಂಬಿಟಿಐ ಪ್ರಶ್ನಾವಳಿಯನ್ನು ಈ ತಿಂಗಳು ತುಂಬಿದರೆ ಐಎನ್‌ಎಫ್‌ಪಿ, ಮುಂದಿನ ತಿಂಗಳು ತುಂಬಿದರೆ ಐಎನ್‌ಎಫ್‌ಜೆ. ಬದಲಾದದ್ದು ಒಂದೇ ಅಕ್ಷರ. ಆದರೆ ಮನಸ್ಸು ಮಾಹಿತಿ ಪಡೆಯುವ, ತೀರ್ಮಾನ ಮಾಡುವ ಬಗೆಗಳಾದ ಕಾಗ್ನಿಟಿವ್ ಫಂಕ್ಷನ್‌ಗಳ ಲೆಕ್ಕ ಹಿಡಿದವರು ಈ ಎರಡು ಟೈಪ್‌ಗಳಿಗೆ ಮೊದಲ ನಾಲ್ಕು ಫಂಕ್ಷನ್‌ಗಳಲ್ಲಿ ಒಂದೂ ಹೊಂದುವುದಿಲ್ಲ, ಇಬ್ಬರು ಯೋಚಿಸುವ ಬಗೆಯೇ ಬೇರೆ ಎನ್ನುತ್ತಾರೆ. ಒಬ್ಬನೇ ಮನುಷ್ಯನಿಗೆ ಎರಡೂ ಉತ್ತರ ಬಂದಾಗ ಯಾವುದನ್ನು ನಂಬಬೇಕು? ಈ ಲೆಕ್ಕ ಎಲ್ಲಿಂದ ಬಂತು ಎಂದು ಗೊತ್ತಾಗದೆ ಇದಕ್ಕೆ ಉತ್ತರ ಹೇಳುವುದು ಕಷ್ಟ.

ಮೂಲ ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥ. ಮನಸ್ಸು ಮಾಹಿತಿಯನ್ನು ಸಂವೇದನೆಯಿಂದಲೋ ಅಂತರ್ಬೋಧೆಯಿಂದಲೋ ಪಡೆಯುತ್ತದೆ. ತೀರ್ಮಾನವನ್ನು ವಿಚಾರದಿಂದಲೋ ಭಾವದಿಂದಲೋ ಮಾಡುತ್ತದೆ. ಇಲ್ಲಿ ಭಾವವೆಂದರೆ ಅಳು, ಕೋಪ ಎಂದಲ್ಲ. ಯಾವುದು ಬೆಲೆಯುಳ್ಳದ್ದು ಎಂದು ತೂಗುವುದು. ಈ ನಾಲ್ಕೂ ಒಳಮುಖವಾಗಿಯೋ ಹೊರಮುಖವಾಗಿಯೋ ಕೆಲಸ ಮಾಡಬಹುದಾದ್ದರಿಂದ ಒಟ್ಟು ಎಂಟು.

ಕಾಗದದ ಮೇಲೆ ಒಣಗಿದಂತೆ ಕಾಣುವ ಈ ಎಂಟನ್ನು ಒಂದೇ ಸಮಸ್ಯೆಯ ಮೇಲಿಟ್ಟು ನೋಡಬೇಕು. ವರದಿಯೊಂದರಲ್ಲಿ ಒಂದು ಅಂಕಿ ಉಳಿದವುಗಳೊಂದಿಗೆ ತಾಳೆಯಾಗುತ್ತಿಲ್ಲ ಎನ್ನೋಣ. ಹೊರಮುಖ ವಿಚಾರ ಯಾರು ಅಳೆದರು, ಯಾವ ಕ್ರಮದಲ್ಲಿ ಅಳೆದರು, ಯಾವಾಗ ಸರಿಪಡಿಸುತ್ತಾರೆ ಎಂದು ಕೇಳುತ್ತದೆ. ಒಳಮುಖ ವಿಚಾರಕ್ಕೆ ಆ ಅಂಕಿಯ ವ್ಯಾಖ್ಯೆಯೇ ಮೊದಲ ಪುಟ ಮತ್ತು ಕೊನೆಯ ಪುಟದಲ್ಲಿ ಒಂದೇ ಇದೆಯೇ ಎಂಬ ಅನುಮಾನ. ಒಳಮುಖ ಸಂವೇದನೆ ಹಿಂದಿನ ವರದಿಯನ್ನು ನೆನಪಿಗೆ ತಂದು ಪಕ್ಕದಲ್ಲಿಡುತ್ತದೆ; ಹೊರಮುಖ ಸಂವೇದನೆ ಅಳತೆ ನಡೆದ ಜಾಗಕ್ಕೇ ಹೋಗಿ ನೋಡಲು ಹೊರಡುತ್ತದೆ. ಹೊರಮುಖ ಅಂತರ್ಬೋಧೆಗೆ ಐದಾರು ಕಾರಣಗಳು ಒಟ್ಟಿಗೇ ಹೊಳೆಯುತ್ತವೆ, ಒಳಮುಖ ಅಂತರ್ಬೋಧೆ ಒಂದೇ ದಿಕ್ಕಿಗೆ ದೃಷ್ಟಿ ನೆಟ್ಟು ‘ಇದು ಮುಂದೆ ಎಲ್ಲಿಗೆ ಹೋಗುತ್ತದೆ’ ಎಂದು ನೋಡುತ್ತದೆ. ಹೊರಮುಖ ಭಾವ ಈ ತಪ್ಪನ್ನು ಸಭೆಯಲ್ಲಿ ಎತ್ತಿದರೆ ಯಾರ ಮೇಲೆ ಏನಾಗುತ್ತದೆ ಎಂದು ಯೋಚಿಸಿದರೆ, ಒಳಮುಖ ಭಾವ ಇಂಥ ವರದಿಗೆ ಸಹಿ ಹಾಕಲು ತನಗೆ ಮನಸ್ಸೊಪ್ಪುತ್ತದೆಯೇ ಎಂದು ಯೋಚಿಸುತ್ತದೆ. ಎಂಟೂ ಎಲ್ಲರಲ್ಲೂ ಇವೆ. ಯಾವುದು ಮೊದಲು ಎದ್ದು ನಿಲ್ಲುತ್ತದೆ ಎಂಬುದರಲ್ಲಿ ವ್ಯತ್ಯಾಸ.

ಯೂಂಗ್‌ಗೆ ಜನರನ್ನು ಡಬ್ಬಿಗಳಿಗೆ ಹಾಕುವ ಉದ್ದೇಶವಿರಲಿಲ್ಲ. 1934ರಲ್ಲಿ ಅರ್ಜೆಂಟೀನಾ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಅಂಥ ವಿಂಗಡಣೆಯನ್ನು ಮಕ್ಕಳಾಟವೆಂದೇ ಕರೆದರು.

ಅಷ್ಟರಲ್ಲಿ ಅಮೆರಿಕದಲ್ಲಿ ಕ್ಯಾಥರೀನ್ ಬ್ರಿಗ್ಸ್ ಯೂಂಗ್ ಗ್ರಂಥದ 1923ರ ಇಂಗ್ಲಿಷ್ ಅನುವಾದ ಓದಿ ತಮ್ಮದೇ ವರ್ಗೀಕರಣವನ್ನು ಬದಿಗಿಟ್ಟಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಮಗಳು ಇಸಾಬೆಲ್ ಮೈಯರ್ಸ್ ಪ್ರಶ್ನೆಗಳನ್ನು ಬರೆಯತೊಡಗಿದರು. 1962ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಈ ಪ್ರಶ್ನಾವಳಿಯ ಕೈಪಿಡಿ ಹೊರತಂದಿತು. 1975ರ ನಂತರ ಬೇರೆ ಪ್ರಕಾಶಕರ ಕೈಗೆ ಹೋಗಿ ಎಂಬಿಟಿಐ ಮನೆಮಾತಾಯಿತು. ತಾಯಿ–ಮಗಳು ಸೇರಿಸಿದ್ದು ಕೊನೆಯ ಅಕ್ಷರ, ಜೆ ಅಥವಾ ಪಿ. ಗೋಜಲೆಲ್ಲ ಶುರುವಾಗುವುದು ಇಲ್ಲೇ.

ಈ ಅಕ್ಷರವನ್ನು ಶಿಸ್ತು–ಸಡಿಲತೆಯ ಅಳತೆ ಎಂದು ಓದುವುದೇ ಹೆಚ್ಚು. ಸಿದ್ಧಾಂತದಲ್ಲಿ ಅದೊಂದು ದಿಕ್ಸೂಚಿ. ಜೆ ಇದ್ದರೆ ತೀರ್ಮಾನದ ಅಕ್ಷರ (ವಿಚಾರದ ಟಿ ಅಥವಾ ಭಾವದ ಎಫ್) ಹೊರಮುಖ. ಪಿ ಇದ್ದರೆ ಮಾಹಿತಿಯ ಅಕ್ಷರ (ಸಂವೇದನೆಯ ಎಸ್ ಅಥವಾ ಅಂತರ್ಬೋಧೆಯ ಎನ್) ಹೊರಮುಖ. ಉಳಿದದ್ದು ಒಳಮುಖ. ಬಳಿಕ ಮೊದಲ ಅಕ್ಷರ ನೋಡಬೇಕು. ಬಹಿರ್ಮುಖಿಯಾದರೆ (ಇ) ಹೊರಮುಖವಾದದ್ದೇ ಪ್ರಧಾನ, ಅಂದರೆ ಸಾಲಿನಲ್ಲಿ ಮೊದಲನೆಯದು; ಅಂತರ್ಮುಖಿಯಾದರೆ (ಐ) ಒಳಮುಖವಾದದ್ದು. ಇನ್ನೊಂದು ಎರಡನೆಯದು. ನಾಲ್ಕನೆಯದು ಪ್ರಧಾನಕ್ಕೆ ಬಗೆಯಲ್ಲೂ ದಿಕ್ಕಿನಲ್ಲೂ ವಿರುದ್ಧ. ಐಎನ್‌ಎಫ್‌ಪಿಯಲ್ಲಿ ಪಿ ಇರುವುದರಿಂದ ಅಂತರ್ಬೋಧೆ ಹೊರಕ್ಕೆ, ಭಾವ ಒಳಕ್ಕೆ. ಐ ಇರುವುದರಿಂದ ಒಳಮುಖ ಭಾವವೇ ಮೊದಲು, ಹೊರಮುಖ ಅಂತರ್ಬೋಧೆ ಎರಡನೆಯದು, ಹೊರಮುಖ ವಿಚಾರ ಕೊನೆಯದು. ಐಎನ್‌ಎಫ್‌ಜೆಯಲ್ಲಿ ಒಳಮುಖ ಅಂತರ್ಬೋಧೆ ಮೊದಲು, ಹೊರಮುಖ ಭಾವ ಎರಡನೆಯದು, ಹೊರಮುಖ ಸಂವೇದನೆ ಕೊನೆಯದು. ಹೆಚ್ಚು ಮಂದಿ ಎಡವುವುದು ಅಂತರ್ಮುಖಿಗಳ ವಿಷಯದಲ್ಲಿ. ಅವರ ಕೊನೆಯ ಅಕ್ಷರ ತೋರಿಸುವುದು ಪ್ರಧಾನವನ್ನಲ್ಲ, ಎರಡನೆಯದನ್ನು.

ಬಿಟ್ಟುಹೋದದ್ದು ಮೂರನೆಯ ಸ್ಥಾನ. ಅದು ಎರಡನೆಯದಕ್ಕೆ ವಿರುದ್ಧ ಬಗೆಯದು ಎಂಬಲ್ಲಿ ತಕರಾರಿಲ್ಲ. ದಿಕ್ಕಿನ ಬಗ್ಗೆ ಇದೆ. ಎಂಬಿಟಿಐ ಕೈಪಿಡಿ ಪ್ರಧಾನವೊಂದನ್ನು ಬಿಟ್ಟು ಉಳಿದ ಮೂರೂ ಅದರ ಎದುರು ದಿಕ್ಕಿನವು ಎಂದಿತು. 1983ರಲ್ಲಿ ಹೆರಾಲ್ಡ್ ಗ್ರಾಂಟ್ ಮತ್ತು ಇಬ್ಬರು ಸಹಲೇಖಕರು ದಿಕ್ಕುಗಳು ಒಂದುಬಿಟ್ಟೊಂದು ಬದಲಾಗುತ್ತವೆ ಎಂದು ಮಂಡಿಸಿದರು. ಇಂದು ಎಲ್ಲೆಡೆ ಓಡಾಡುವುದು ಗ್ರಾಂಟ್ ಪಟ್ಟಿಯೇ. ಅದರಂತೆ ಐಎನ್‌ಎಫ್‌ಪಿ ಮತ್ತು ಐಎನ್‌ಎಫ್‌ಜೆಗೆ ಒಂದೂ ಸಮಾನವಲ್ಲ. ಕೈಪಿಡಿಯ ಪ್ರಕಾರ ಲೆಕ್ಕ ಹಾಕಿ ನೋಡಿ: ಹೊರಮುಖ ಸಂವೇದನೆ ಮತ್ತು ಹೊರಮುಖ ವಿಚಾರ ಎರಡೂ ಇಬ್ಬರಲ್ಲೂ ಬರುತ್ತವೆ, ಅದಲುಬದಲಾದ ಸ್ಥಾನದಲ್ಲಿ. ‘ಪೂರಾ ಬೇರೆ ಮನಸ್ಸು’ ಎಂಬ ಮಾತು ನಿಂತಿರುವುದು ಮೂರನೆಯ ಸ್ಥಾನದ ಈ ಒಂದು ಆಯ್ಕೆಯ ಮೇಲೆ. ಅಷ್ಟು ದೊಡ್ಡ ಮಾತಿಗೆ ಇದು ತೀರಾ ತೆಳುವಾದ ಆಧಾರ.

ಲಿಥುವೇನಿಯಾದಲ್ಲಿ 1970ರ ದಶಕದಲ್ಲಿ ಔಶ್ರಾ ಔಗುಸ್ತಿನಾವಿಚ್ಯೂಟೆ ಕಟ್ಟಿದ ಸೋಷಿಯಾನಿಕ್ಸ್ ಎಂಬ ಇನ್ನೊಂದು ಟೈಪ್ ಪದ್ಧತಿ ಕೊನೆಯ ಅಕ್ಷರವನ್ನು ಪ್ರಧಾನ ಫಂಕ್ಷನ್‌ಗೇ ಅಂಟಿಸುತ್ತದೆ. ಹಾಗಾಗಿ ಒಳಮುಖ ವಿಚಾರ ಪ್ರಧಾನವಾದ ಐಎನ್‌ಟಿಪಿ ಅಲ್ಲಿ ಐಎನ್‌ಟಿಜೆ ಎಂದು ಬರೆಯಲ್ಪಡುತ್ತದೆ. ಎರಡು ಪದ್ಧತಿಗಳ ಬರಹ ಬೆರೆಸಿ ಓದಿದವರ ಗೊಂದಲ ಸಹಜ.

ಅಳತೆಯ ಕಡೆಯಿಂದ ಬಂದ ಆಕ್ಷೇಪಗಳು ಇನ್ನೂ ಗಟ್ಟಿ. 1989ರಲ್ಲಿ ಮನೋವಿಜ್ಞಾನಿಗಳಾದ ಮ್ಯಾಕ್ರೇ ಮತ್ತು ಕೋಸ್ಟಾ ಎಂಬಿಟಿಐಯ ನಾಲ್ಕು ಅಳತೆಗಳು, ವ್ಯಕ್ತಿತ್ವವನ್ನು ಐದು ಗುಣಗಳಲ್ಲಿ ಅಳೆಯುವ ಪಂಚಗುಣ ಮಾದರಿಯ (ಬಿಗ್ ಫೈವ್) ನಾಲ್ಕು ಗುಣಗಳೊಂದಿಗೆ ತಾಳೆಯಾಗುತ್ತವೆ ಎಂದು ತೋರಿಸಿದರು. ಜೆ–ಪಿ ಹೊಂದಿದ್ದು ಕರ್ತವ್ಯನಿಷ್ಠೆಯೊಂದಿಗೆ. ಅಂಕಗಳು ಎರಡು ಗುಂಪುಗಳಾಗಿ ಒಡೆಯದೆ ಬಹುಪಾಲು ನಡುವೆಯೇ ಸೇರುತ್ತವೆ. ಹೀಗಾಗಿ ಎರಡು ಪ್ರಶ್ನೆಗೆ ಉತ್ತರ ಬದಲಾದರೂ ಅಕ್ಷರ ಗೆರೆ ದಾಟಿಬಿಡುತ್ತದೆ. 2009ರಲ್ಲಿ ಜೇಮ್ಸ್ ರೈನೀರ್ಸ್, ಟೈಪ್ ಅಧ್ಯಯನದ ನಿಯತಕಾಲಿಕದಲ್ಲೇ, ಫಂಕ್ಷನ್‌ಗಳ ಶ್ರೇಣಿಗೆ ಪುರಾವೆಯಿಲ್ಲವೆಂದು ವಾದಿಸಿದರು. ಅಕ್ಷರಗಳಿಗೆ ಪ್ರಶ್ನಾವಳಿಯಾದರೂ ಇದೆ, ಶ್ರೇಣಿಯನ್ನು ಅದು ಅಳೆಯುವುದಿಲ್ಲ. ಸೂತ್ರದಿಂದ ಹೊರಡಿಸುತ್ತದೆ ಅಷ್ಟೇ.

ಈಚೆಗೆ ಇನ್ನೊಂದು ಗಂಟು ಬಿದ್ದಿದೆ. ಪಂಚಗುಣಗಳನ್ನು ಅಳೆದು ಫಲಿತಾಂಶವನ್ನು ಮಾತ್ರ ಹಳೆಯ ನಾಲ್ಕು ಅಕ್ಷರಗಳಲ್ಲಿ ಕೊಡುವ ಉಚಿತ ಪರೀಕ್ಷೆಗಳಿವೆ. ಅಲ್ಲಿ ಸಿಕ್ಕ ಜೆ ಅಚ್ಚುಕಟ್ಟುತನದ ಅಂಕ. ಅದಕ್ಕೆ ದಿಕ್ಸೂಚಿಯ ಸೂತ್ರ ಹಾಕಿದರೆ ಬರುವ ಫಂಕ್ಷನ್ ಪಟ್ಟಿಗೆ ಅರ್ಥವೇ ಇಲ್ಲ. ಆದ್ದರಿಂದ ಪಟ್ಟಿ ಬರೆಯುವ ಮೊದಲು ಪರೀಕ್ಷೆ ಯಾವ ಬಗೆಯದು, ಜೆ–ಪಿ ಅಂಕ ನಡುಗೆರೆಯಿಂದ ಎಷ್ಟು ದೂರವಿದೆ ಎಂದು ನೋಡಿಕೊಳ್ಳಬೇಕು. ಅಂಕ ಗೆರೆಗೆ ಹತ್ತಿರವಿದ್ದರೆ ಸೂತ್ರವನ್ನು ಕೈಬಿಟ್ಟು, ವರದಿಯ ಉದಾಹರಣೆಯಂತೆ ಒಂದು ನಿಜವಾದ ಸಮಸ್ಯೆಯನ್ನು ಮುಂದಿಟ್ಟುಕೊಂಡು ಯಾವ ಪ್ರಶ್ನೆ ತಾನಾಗಿ ಮೊದಲು ಏಳುತ್ತದೆ, ಯಾವುದು ಯಾರಾದರೂ ನೆನಪಿಸಿದಾಗಲಷ್ಟೇ ಏಳುತ್ತದೆ ಎಂದು ಹಲವು ಸಲ ಗುರುತು ಹಾಕಿಕೊಳ್ಳುವುದು ಹೆಚ್ಚು ಉಪಯುಕ್ತ.