ಕೊಲೊರಾಡೊದ ಬಂದೂಕು ಕಾನೂನು: ಓದುವ ಕ್ರಮ, ಎಡವುವ ಜಾಗ

ಅಮೆರಿಕದ ಕೊಲೊರಾಡೊ ರಾಜ್ಯದ ಬಂದೂಕು ಕಾನೂನು ಹೇಗೆ ಬೆಳೆಯಿತು ಎಂಬ ಪ್ರಶ್ನೆಗೆ ಉತ್ತರ ಬರೆಯುವವರು ಸಾಮಾನ್ಯವಾಗಿ ಗುಂಡಿನ ದಾಳಿಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ಕೊಲಂಬೈನ್ ಶಾಲೆ 1999, ಅರೋರಾ ಚಿತ್ರಮಂದಿರ 2012, ಬೌಲ್ಡರ್ ದಿನಸಿ ಮಳಿಗೆ 2021, ಕ್ಲಬ್ ಕ್ಯೂ 2022. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಕಾನೂನು ಯಾವಾಗ ಬಂತು ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ, ಯಾಕೆ ಇದೇ ರೂಪದಲ್ಲಿ ಬಂತು ಅನ್ನುವುದು ತಿಳಿಯುವುದಿಲ್ಲ. ಹಾಗಾಗಿ ಒಂದು ಎಳೆ ಹಿಡಿದುಕೊಳ್ಳಿ: ಕೋರ್ಟು ಅಪಾಯಕಾರಿ ಎಂದ ವ್ಯಕ್ತಿಗಳನ್ನು ಬಿಟ್ಟರೆ ಈ ರಾಜ್ಯ ಜನರ ಕೈಯಲ್ಲಿರುವ ಬಂದೂಕು ಕಿತ್ತುಕೊಂಡಿಲ್ಲ, ಹೊಸದನ್ನು ಕೊಳ್ಳುವ ದಾರಿಯನ್ನು ಉದ್ದ ಮಾಡುತ್ತ ಬಂದಿದೆ.

ಮೊದಲು ತಳಪಾಯ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮೊದಲು ಲೈಸೆನ್ಸ್, ಆಮೇಲೆ ಬಂದೂಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕೊಳ್ಳುವವನಿಗೆ ಲೈಸೆನ್ಸ್ ಬೇಕಿಲ್ಲ, ಲೈಸೆನ್ಸ್ ಬೇಕಾದದ್ದು ಅಂಗಡಿಯವನಿಗೆ. ಗಿರಾಕಿಯ ಹಿನ್ನೆಲೆ ತಪಾಸಣೆ ಮಾಡಿಸುವ ಹೊಣೆಯೂ ಅವನದೇ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಕೇಂದ್ರ ಕಾನೂನಿನಂತೆ ಮಾರಬಹುದು. ಅಂಗಡಿಯವನಲ್ಲದ ಸಾಮಾನ್ಯ ಮನುಷ್ಯ ಇನ್ನೊಬ್ಬನಿಗೆ ಮಾರಿದರೆ ತಪಾಸಣೆಯೇ ಇಲ್ಲ. ಕೊಲೊರಾಡೊ ಇಪ್ಪತ್ತೈದು ವರ್ಷ ಮಾಡಿದ್ದು ಬಹುಮಟ್ಟಿಗೆ ಈ ಸಂದುಗಳನ್ನು ಒಂದೊಂದಾಗಿ ಮುಚ್ಚುವ ಕೆಲಸ.

ಕೊಲಂಬೈನ್ ಆದ ಮರುವರ್ಷ, 2000ದಲ್ಲಿ, ಬಂದೂಕು ಸಂತೆಗಳಲ್ಲೂ ತಪಾಸಣೆ ಕಡ್ಡಾಯ ಮಾಡುವ ರಾಜ್ಯದ 22ನೇ ತಿದ್ದುಪಡಿಯನ್ನು ಮತದಾರರೇ ಭಾರೀ ಬಹುಮತದಿಂದ ಗೆಲ್ಲಿಸಿದರು. ಅಲ್ಲಿಂದ ಗೆರೆ ನೇರ ಸಾಗಿತು ಎಂದು ಬರೆದರೆ ತಪ್ಪಾಗುತ್ತದೆ. 2003ರಲ್ಲಿ ಅದೇ ರಾಜ್ಯದ ಶಾಸಕಾಂಗ ತದ್ವಿರುದ್ಧ ದಿಕ್ಕಿಗೆ ಹೋಯಿತು. ಅರ್ಹರಿಗೆ ಬಂದೂಕನ್ನು ಮರೆಮಾಚಿ ಒಯ್ಯುವ ಪರ್ಮಿಟ್ ಕೊಡಲೇಬೇಕು ಅಂದಿತು, ನಗರಗಳು ತಮ್ಮದೇ ಕಠಿಣ ನಿಯಮ ಮಾಡದಂತೆ ಕೈ ಕಟ್ಟಿತು. ಈ ಎರಡನೆಯದನ್ನು ನೆನಪಿಡಿ. 2021ರ ಮಾರ್ಚ್ 12ರಂದು ಬೌಲ್ಡರ್ ನಗರದ ಅಸಾಲ್ಟ್ ಬಂದೂಕು (ಸೇನಾ ಮಾದರಿಯ ಅರೆಸ್ವಯಂಚಾಲಿತ ಬಂದೂಕು) ನಿಷೇಧವನ್ನು ನ್ಯಾಯಾಧೀಶರೊಬ್ಬರು ತಡೆದದ್ದು ಇದೇ ಕಾನೂನಿನ ಬಲದಿಂದ. ಹತ್ತು ದಿನದ ಮೇಲೆ ಅದೇ ಊರಿನ ಮಳಿಗೆಯಲ್ಲಿ ಹತ್ತು ಜನ ಸತ್ತರು. ಆ ವರ್ಷವೇ ಶಾಸಕಾಂಗ 2003ರ ಕಟ್ಟನ್ನು ಬಿಚ್ಚಿತು. ಈಗ ಸ್ಥಳೀಯ ಆಡಳಿತಗಳು ರಾಜ್ಯಕ್ಕಿಂತ ಬಿಗಿ ನಿಯಮ ಮಾಡಬಹುದು, ಸಡಿಲ ಮಾಡುವಂತಿಲ್ಲ.

ರಾಜಕೀಯ ಪಾಠ ಇರುವುದು 2013ರಲ್ಲಿ. ಅರೋರಾದಲ್ಲಿ ಹನ್ನೆರಡು ಜನರನ್ನು ಕೊಂದವನ ಬಳಿ ನೂರು ಗುಂಡು ಹಿಡಿಸುವ ಡ್ರಮ್ ಮ್ಯಾಗಜಿನ್ (ಬಂದೂಕಿಗೆ ತೊಡಿಸುವ ಗುಂಡಿನ ಪೆಟ್ಟಿಗೆ) ಇತ್ತು. ರಾಜ್ಯಪಾಲ (ಅಮೆರಿಕದಲ್ಲಿ ಚುನಾಯಿತ ಹುದ್ದೆ, ನಮ್ಮ ಮುಖ್ಯಮಂತ್ರಿಯಂತೆ) ಜಾನ್ ಹಿಕನ್‌ಲೂಪರ್ 2013ರ ಮಾರ್ಚ್ 20ರಂದು ಸಹಿ ಹಾಕಿದ ಮಸೂದೆಗಳಲ್ಲಿ ಒಂದು ಮ್ಯಾಗಜಿನ್ನಿಗೆ 15 ಗುಂಡಿನ ಮಿತಿ ಹಾಕಿತು. ಇನ್ನೊಂದು ಖಾಸಗಿ ಮಾರಾಟವನ್ನೂ ಅಂಗಡಿಯ ಮೂಲಕ ತಪಾಸಣೆಗೆ ಒಳಪಡಿಸಿತು. ಹತ್ತಿರದ ಮನೆಯವರಿಗೆ ಉಡುಗೊರೆ ಕೊಡುವುದಕ್ಕೆ, 72 ಗಂಟೆಯೊಳಗಿನ ಕೈಬದಲಿಗೆ ವಿನಾಯಿತಿ ಇದೆ.

ಸೆಪ್ಟೆಂಬರ್ 10ಕ್ಕೆ ಏಟು ಬಿತ್ತು. ಕಾನೂನನ್ನು ಬೆಂಬಲಿಸಿದ ಇಬ್ಬರು ಡೆಮಾಕ್ರಾಟರು, ರಾಜ್ಯ ಸೆನೆಟ್ (ಮೇಲ್ಮನೆ) ಅಧ್ಯಕ್ಷ ಜಾನ್ ಮೋರ್ಸ್ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ, ಸೆನೆಟರ್ ಏಂಜೆಲಾ ಹಿರೋನ್ ಪ್ವೆಬ್ಲೊದಲ್ಲಿ, ರೀಕಾಲ್ ಚುನಾವಣೆಯಲ್ಲಿ (ಗೆದ್ದವರನ್ನು ಅವಧಿಗೆ ಮುಂಚೆಯೇ ಮತದಾರರು ಕೆಳಗಿಳಿಸುವ ಮತದಾನ) ಸ್ಥಾನ ಕಳೆದುಕೊಂಡರು. ಮೂರನೆಯವರಾದ ಈವಿ ಹುಡಾಕ್ ರೀಕಾಲ್‌ಗೆ ಮುಂಚೆಯೇ ರಾಜೀನಾಮೆ ಕೊಟ್ಟು ಸ್ಥಾನವನ್ನು ಪಕ್ಷದಲ್ಲೇ ಉಳಿಸಿದರು. ಶೆರಿಫ್‌ಗಳಲ್ಲಿ, ಅಂದರೆ ಕೌಂಟಿಗಳ (ಜಿಲ್ಲೆಗಳ) ಪೊಲೀಸ್ ಮುಖ್ಯಸ್ಥರಲ್ಲಿ, ಬಹುತೇಕರು ಈ ಕಾನೂನುಗಳ ವಿರುದ್ಧ ಕೋರ್ಟಿಗೆ ಹೋದರು. ಮ್ಯಾಗಜಿನ್ ತಯಾರಕ ಮ್ಯಾಗ್‌ಪುಲ್ ಕಂಪನಿ ವಯೋಮಿಂಗ್ ಮತ್ತು ಟೆಕ್ಸಾಸ್‌ಗೆ ಹೊರಟಿತು. ಇಲ್ಲಿಂದ ‘ಜನ ಕಾನೂನು ತಿರಸ್ಕರಿಸಿದರು’ ಎಂಬ ತೀರ್ಮಾನಕ್ಕೆ ಹಾರಬೇಡಿ. ಅಭ್ಯರ್ಥಿಗಳು ಹೆಸರು ಕೊಡಲು ಕೊನೇ ಗಳಿಗೆವರೆಗೆ ಅವಕಾಶವಿದೆ ಎಂಬ ಕೋರ್ಟ್ ಆದೇಶದಿಂದಾಗಿ ಅಂಚೆಯಲ್ಲಿ ಮತಪತ್ರ ಕಳಿಸುವುದು ಆಗಲಿಲ್ಲ, ಖುದ್ದಾಗಿ ಬಂದವರ ಮತವೇ ನಿರ್ಣಾಯಕವಾಯಿತು. ಉತ್ಸಾಹಿಗಳು ಬಂದರು, ಉಳಿದವರು ಮನೆಯಲ್ಲಿದ್ದರು. ಆದರೂ ಭಯ ನಿಜವಾದದ್ದೇ. ಐದು ವರ್ಷ ಈ ವಿಷಯದಲ್ಲಿ ಡೆಮಾಕ್ರಾಟರು ದೊಡ್ಡ ಹೆಜ್ಜೆ ಇಡಲಿಲ್ಲ. 2014ರಲ್ಲಿ ಸೆನೆಟ್ ಬಹುಮತ ಕೂಡ ಅವರ ಕೈತಪ್ಪಿತ್ತು.

2018ರ ಚುನಾವಣೆಯಲ್ಲಿ ಡೆಮಾಕ್ರಾಟರಿಗೆ ಎರಡೂ ಸದನ ಸಿಕ್ಕವು, ಜೊತೆಗೆ ರಾಜ್ಯಪಾಲರಾಗಿ ಅವರದೇ ಜ್ಯಾರೆಡ್ ಪೋಲಿಸ್. ಅಪಾಯಕಾರಿ ಎನಿಸಿದವರಿಂದ ಬಂದೂಕನ್ನು ತಾತ್ಕಾಲಿಕವಾಗಿ ದೂರವಿಡುವ 2019ರ ರೆಡ್ ಫ್ಲ್ಯಾಗ್ ಕಾನೂನು ಮುಂದಿನ ವರ್ಷದ ಜನವರಿ 1ಕ್ಕೆ ಜಾರಿಯಾಯಿತು. ನಡೆಯುವ ಕ್ರಮ ಹೀಗೆ: ಮನೆಯವರೋ ಪೊಲೀಸರೋ ಅರ್ಜಿ ಹಾಕುತ್ತಾರೆ, ತಾತ್ಕಾಲಿಕ ಆದೇಶ ಸಿಕ್ಕರೆ 14 ದಿನದೊಳಗೆ ವಿಚಾರಣೆ, ಅಪಾಯ ಸ್ಪಷ್ಟ ಸಾಕ್ಷ್ಯದಿಂದ ರುಜುವಾತಾದರೆ 364 ದಿನ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಸೆನೆಟ್‌ನಲ್ಲಿ ಗೆದ್ದದ್ದು 18–17ರಲ್ಲಿ. ವಿರುದ್ಧ ಮತ ಹಾಕಿದ ಏಕೈಕ ಡೆಮಾಕ್ರಾಟ್ ಲೆರಾಯ್ ಗಾರ್ಸಿಯಾ, ಹಿರೋನ್ ಸೋತ ಅದೇ ಪ್ವೆಬ್ಲೊ ಕ್ಷೇತ್ರದವರು. ಮಸೂದೆ ಮಂಡಿಸಿದವರಲ್ಲೊಬ್ಬರಾದ ಟಾಮ್ ಸಲಿವನ್, ಅರೋರಾದಲ್ಲಿ ಮಗನನ್ನು ಕಳೆದುಕೊಂಡವರು, ರೀಕಾಲ್ ಯತ್ನ ಎದುರಿಸಿದರು. ಈ ಸಲ ಅದು ಕೈಗೂಡಲಿಲ್ಲ.

ಈ ಕಾನೂನಿನ ದೌರ್ಬಲ್ಯ ಅದರ ಬರಹದಲ್ಲಿಲ್ಲ, ಬಳಕೆಯಲ್ಲಿದೆ. ಯಾರೂ ಅರ್ಜಿ ಹಾಕದಿದ್ದರೆ ಅದು ಸತ್ತ ಅಕ್ಷರ. ಕ್ಲಬ್ ಕ್ಯೂ ದಾಳಿಕೋರ 2021ರಲ್ಲೇ ಬಾಂಬ್ ಬೆದರಿಕೆ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ, ಆದರೂ ಅರ್ಜಿ ಬೀಳಲಿಲ್ಲ. ಇದೆಲ್ಲ ನಡೆದ ಎಲ್ ಪಾಸೊ ಕೌಂಟಿ 2019ರಲ್ಲೇ ಈ ಕಾನೂನಿನ ವಿರುದ್ಧ ನಿರ್ಣಯ ಮಾಡಿತ್ತು. ಹಾಗಾಗಿ 2023ರಲ್ಲಿ ವೈದ್ಯರು, ಶಿಕ್ಷಕರು, ಸರ್ಕಾರಿ ವಕೀಲರಿಗೂ ಅರ್ಜಿ ಹಾಕುವ ಅಧಿಕಾರ ಕೊಟ್ಟರು. ಅದೇ ವರ್ಷ ಮೂರು ದಿನದ ಕಾಯುವಿಕೆ, ಕೊಳ್ಳಲು 21 ವಯಸ್ಸು. ವಯಸ್ಸಿನ ನಿಯಮಕ್ಕೆ ಮೊದಲು ತಡೆಯಾಜ್ಞೆ ಬಿತ್ತು. ಸುಪ್ರೀಂ ಕೋರ್ಟಿನ 2022ರ ಬ್ರೂಯನ್ ತೀರ್ಪಿನ ನಂತರ ಇಂಥ ನಿಯಮಕ್ಕೆ ಇತಿಹಾಸದ ಆಧಾರ ತೋರಿಸಬೇಕಲ್ಲ. ಹತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು 2024ರ ನವೆಂಬರ್‌ನಲ್ಲಿ, ಇದು ಮಾರಾಟದ ಮೇಲಿನ ಷರತ್ತು ಎಂದು ಹೇಳಿ ತಡೆ ತೆರವು ಮಾಡಿತು. ನಮ್ಮ ಎಳೆ ಕೋರ್ಟಿನಲ್ಲೂ ಕೆಲಸಕ್ಕೆ ಬಂತು ನೋಡಿ.

ಆಗ ತಾನೇ ಮತದಾರರು 6.5 ಶೇಕಡಾ ಬಂದೂಕು–ಮದ್ದುಗುಂಡು ತೆರಿಗೆಯನ್ನೂ (ಪ್ರಸ್ತಾವ ಕೆಕೆ) ಒಪ್ಪಿದರು. ತೆರಿಗೆ ಮತಪೆಟ್ಟಿಗೆಗೆ ಏಕೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ 1992ರ ಟೇಬರ್ ತಿದ್ದುಪಡಿ: ಈ ರಾಜ್ಯದಲ್ಲಿ ಹೊಸ ತೆರಿಗೆಗೆ ಜನರ ಒಪ್ಪಿಗೆ ಬೇಕು.

ಇನ್ನು 2025ರ ಸೆನೆಟ್ ಮಸೂದೆ 3. ಇದರ ಬೇರು 2013ರ ಮ್ಯಾಗಜಿನ್ ಮಿತಿಯಲ್ಲಿದೆ. 2013ರ ಜುಲೈ 1ಕ್ಕೆ ಮುಂಚೆ ಇದ್ದ ದೊಡ್ಡ ಮ್ಯಾಗಜಿನ್‌ಗಳಿಗೆ ವಿನಾಯಿತಿ ಇತ್ತು. ಕೈಯಲ್ಲಿರುವುದು ಹಳೆಯದೋ ಹೊಸದೋ ಎಂದು ರುಜುವಾತು ಮಾಡುವುದು ಕಷ್ಟ, ಪಕ್ಕದ ರಾಜ್ಯದಿಂದ ತರುವುದು ಸುಲಭ. ಮ್ಯಾಗಜಿನ್ ಹಿಡಿಯಲಾಗದಿದ್ದರೆ ಅದನ್ನು ತೊಡಿಸುವ ಬಂದೂಕನ್ನೇ ನಿಯಂತ್ರಿಸೋಣ ಎಂದು ಸಲಿವನ್ ಹೊರಟರು. ಕಳಚಬಹುದಾದ ಮ್ಯಾಗಜಿನ್ನಿನ ಅರೆಸ್ವಯಂಚಾಲಿತ ಬಂದೂಕುಗಳ ಮಾರಾಟ ನಿಲ್ಲಿಸುವುದು ಮೂಲ ಕರಡು. ಪೋಲಿಸ್‌ಗೆ ಅದು ಹಿಡಿಸಲಿಲ್ಲ. ತಿದ್ದಿದ ರೂಪದಲ್ಲಿ, 2026ರ ಆಗಸ್ಟ್ 1ರಿಂದ, ಶೆರಿಫ್ ಕಡೆಯಿಂದ ಅರ್ಹತಾ ಕಾರ್ಡ್ ಪಡೆದು, ತರಬೇತಿ ಮುಗಿಸಿ, ಪರೀಕ್ಷೆ ಪಾಸಾದವರು ಕೊಳ್ಳಬಹುದು. ಬೇಟೆಗಾರರ ತರಬೇತಿ ಮುಗಿಸಿದವರಿಗೆ 4 ಗಂಟೆ, ಉಳಿದವರಿಗೆ 12 ಗಂಟೆ. ಪ್ರತಿ ಗುಂಡಿಗೂ ಕೈಯಿಂದ ಎಳೆಯಬೇಕಾದ ಬೋಲ್ಟ್, ಪಂಪ್, ಲಿವರ್ ಬಂದೂಕುಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಈಗಾಗಲೇ ಮನೆಯಲ್ಲಿರುವುದಕ್ಕೂ ಅನ್ವಯವಿಲ್ಲ. ಇದನ್ನು ‘ಅಸಾಲ್ಟ್ ಬಂದೂಕು ನಿಷೇಧ’ ಎಂದು ಬರೆದರೆ ತಪ್ಪು. ಆ ಹೆಸರಿನ ಮಸೂದೆ 2024ರಲ್ಲಿ ಕೆಳಮನೆ ದಾಟಿ ಸೆನೆಟ್ ಸಮಿತಿಯಲ್ಲಿ ಬಿತ್ತು.

ರಾಜಕೀಯ ಬದಲಾವಣೆಯನ್ನು ‘ಕೆಂಪು (ರಿಪಬ್ಲಿಕನ್) ರಾಜ್ಯ ನೀಲಿ (ಡೆಮಾಕ್ರಾಟ್) ಆಯಿತು’ ಎಂದು ಮುಗಿಸಬೇಡಿ. ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಕೊನೆಗೆ ಗೆದ್ದದ್ದು 2004ರಲ್ಲಿ, ನಿಜ. ಆದರೆ ನೋಂದಾಯಿತ ಮತದಾರರಲ್ಲಿ ಅತಿ ದೊಡ್ಡ ಗುಂಪು ಯಾವ ಪಕ್ಷಕ್ಕೂ ಸೇರದವರು. ಡೆನ್ವರ್ ಸುತ್ತಲ ಜೆಫರ್ಸನ್, ಅರಾಪಹೋದಂಥ ಉಪನಗರ ಕೌಂಟಿಗಳು ಡೆಮಾಕ್ರಾಟರ ಕಡೆ ವಾಲಿವೆ. ಪೂರ್ವದ ಬಯಲಿನಲ್ಲಿ ಬಂದೂಕು ಇವತ್ತಿಗೂ ದಿನಬಳಕೆಯ ವಸ್ತು. ನಿಷೇಧ ಅಂದರೆ ಈ ಪಕ್ಷವಿಲ್ಲದ ಗುಂಪು ಕೈ ಜಾರುತ್ತದೆ, ಷರತ್ತು ಅಂದರೆ ಒಪ್ಪುತ್ತದೆ ಎಂಬ ಲೆಕ್ಕ ಪೋಲಿಸ್ ಹಾಕಿದಂತೆ ಕಾಣುತ್ತದೆ. ಇನ್ನು ಅರ್ಹತಾ ಕಾರ್ಡ್ ಕೊಡಬೇಕಾದವರು ಶೆರಿಫ್‌ಗಳು, 2013ರ ಕಾನೂನಿನ ವಿರುದ್ಧ ದಾವೆ ಹೂಡಿದ ಅದೇ ಹುದ್ದೆಯವರು. ಒಂದು ಕೌಂಟಿಯಲ್ಲಿ ಕಾರ್ಡ್ ಬೇಗ ಸಿಕ್ಕಿ ಇನ್ನೊಂದರಲ್ಲಿ ತಿಂಗಳುಗಟ್ಟಲೆ ಎಳೆದರೆ, ಅದು ಮುಂದಿನ ದಾವೆಗೆ ಸಿದ್ಧ ಸರಕು.