ಮಳೆಗಾಲದಲ್ಲಿ ತಪ್ಪಿದ ನವೀಕರಣ: ಬಾರ್‌ಗಳ ಸಾರ್ವಜನಿಕ ಹೊಣೆಗಾರಿಕೆ ವಿಮೆ

ಹೊಣೆಗಾರಿಕೆ ವಿಮೆಯ, ಅಂದರೆ ಬೇರೆಯವರಿಗೆ ಆದ ಹಾನಿಗೆ ನಾವು ಕೊಡಬೇಕಾದ ಪರಿಹಾರವನ್ನು ಭರಿಸುವ ವಿಮೆಯ, ಪರೀಕ್ಷೆಗೆ ಓದುತ್ತಿರುವ ನಮ್ಮ ಗುಂಪಿನಲ್ಲಿ ಬಹಳ ಮಂದಿ ಎಡವುವುದು ಒಂದೇ ಪ್ರಶ್ನೆಯಲ್ಲಿ: ಯಾವ ವರ್ಷದ ಪಾಲಿಸಿ ಯಾವ ಕ್ಲೇಮಿಗೆ ಹಣ ಕೊಡುತ್ತದೆ? ಬೆಂಕಿ ವಿಮೆ, ವಾಹನ ವಿಮೆ ಓದಿ ಬಂದ ತಲೆಗೆ ಇದು ಬೇಗ ಇಳಿಯುವುದಿಲ್ಲ. ನನಗೆ ಇದು ಅರ್ಥವಾದದ್ದು ಕಳೆದ ಜೂನ್‌ನಲ್ಲಿ, ಹಿರಿಯ ಏಜೆಂಟರೊಬ್ಬರ ಜೊತೆ ಕಾರವಾರದ ಕೋಡಿಬಾಗ ಕಡೆಯ ಒಂದು ಬಾರ್ ಮತ್ತು ರೆಸ್ಟೋರೆಂಟ್‌ಗೆ ಹೋಗಿ ಬಂದ ಮೇಲೆ.

ಮೊದಲು ಹೆಸರಿನ ಗೊಂದಲ ಕಳೆಯೋಣ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಭೋಪಾಲ್ ಅನಿಲ ದುರಂತದ ನಂತರ ಬಂದದ್ದು. ಅಪಾಯಕಾರಿ ವಸ್ತುಗಳನ್ನು ನಿಗದಿತ ಪ್ರಮಾಣದಲ್ಲಿ ನಿರ್ವಹಿಸುವವರಿಗೆ ಅದು ಕಡ್ಡಾಯ, ಮತ್ತು ಅಲ್ಲಿ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಂತ್ರಸ್ತರಿಗೆ ಪರಿಹಾರ ಸಿಗುತ್ತದೆ. ಬಾರಿನ ಅಡುಗೆಮನೆಯ ನಾಲ್ಕಾರು ಗ್ಯಾಸ್ ಸಿಲಿಂಡರುಗಳು ಆ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ. ಕಾರವಾರದ ಹತ್ತಿರದ ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ವಿಕಿರಣದಿಂದಷ್ಟೇ ಆಗುವ ಅಪಘಾತವನ್ನು ಈ ಕಾಯ್ದೆ ಹೊರಗಿಟ್ಟಿದೆ, ಅಣು ಹಾನಿಗೆ ಪ್ರತ್ಯೇಕ ಕಾಯ್ದೆ ಇದೆ. ಬಾರ್, ಪಬ್, ಲಾಡ್ಜ್, ಚಿತ್ರಮಂದಿರದವರು ಕೊಳ್ಳುವುದು ಕೈಗಾರಿಕೇತರ ಅಪಾಯಗಳ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ. ಇದು ಹಣ ಕೊಡಬೇಕಾದರೆ ಮಾಲೀಕನ ಮೇಲೆ ಕಾನೂನಿನ ಹೊಣೆ ಬಿದ್ದಿರಬೇಕು. ಹೆಚ್ಚಾಗಿ ಅದು ನಿರ್ಲಕ್ಷ್ಯದಿಂದ ಬರುತ್ತದೆ.

ನಿರ್ಲಕ್ಷ್ಯ ಹೇಗಿರುತ್ತದೆ ಎಂಬುದನ್ನು ನಾನು ನೋಡಿದ್ದು ಆ ಬಾರಿನ ಬಾಗಿಲಲ್ಲಿ. ಚಿರೆಕಲ್ಲಿನ ಮೂರು ಮೆಟ್ಟಿಲು, ಅಂಚಿನಲ್ಲಿ ಹಸಿರು ಪಾಚಿ, ಅದರ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲಿದ ಬಿಳಿ ಗುರುತು. ಹೊಸ್ತಿಲ ಬಳಿ ಕಾಲೊರೆಸಲು ಹಾಸಿದ್ದ ಗೋಣಿಚೀಲ ನೀರು ಕುಡಿದು, ಒಂದು ಮೂಲೆ ಮಡಚಿಕೊಂಡಿತ್ತು. ಒಳಗೆ ಕೈ ತೊಳೆಯುವ ಬೇಸಿನ್ನಿನಿಂದ ಮೇಜುಗಳವರೆಗೆ ನುಣುಪಾದ ಟೈಲ್ಸ್, ಅದರ ಮೇಲೆ ಒದ್ದೆ ಹೆಜ್ಜೆಗಳು. ಹಿರಿಯರು ಹೆಚ್ಚು ಹೊತ್ತು ನಿಂತದ್ದು ಗೋಣಿಚೀಲದ ಮುಂದೆ. “ಪಾಚಿ ಮಳೆಯದು, ಈ ಮಡಿಕೆ ಮಾಲೀಕರದು” ಎಂದರು. ಪುಡಿ ಚೆಲ್ಲಿದ್ದು ಕಾಳಜಿಗೆ ಸಾಕ್ಷಿ. ಇಲ್ಲಿ ಜಾರುತ್ತದೆಂದು ಮೊದಲೇ ತಿಳಿದಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ಅಡುಗೆಮನೆಯ ಅಪಾಯ ಹೀಗೆ ಕಣ್ಣಿಗೆ ಕಾಣುವುದಿಲ್ಲ. ಬಂಗುಡೆ ಮಂಜುಗಡ್ಡೆಯಿಲ್ಲದೆ ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳಿಂದಾಗಿ ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ. ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಇಂಥ ಕ್ಲೇಮಿಗಾಗಿ ಪಾಲಿಸಿಯಲ್ಲಿ ಆಹಾರ ಮತ್ತು ಪಾನೀಯದ ವಿಸ್ತರಣೆ (ಹೆಚ್ಚುವರಿ ರಕ್ಷಣೆ) ಇದೆಯೇ ಎಂದು ನೋಡಿಕೊಳ್ಳಬೇಕು. ಕರಾವಳಿಯ ಬಾರ್‌ಗೆ ಆ ವಿಸ್ತರಣೆ ಇಲ್ಲದ ಪಾಲಿಸಿ ಮಾಡಿಸುವುದು ನನ್ನ ದೃಷ್ಟಿಯಲ್ಲಿ ಗ್ರಾಹಕರಿಗೆ ಮಾಡುವ ಅನ್ಯಾಯ. ಮುಚ್ಚಳ ತೆಗೆಯದ ಬಾಟಲಿಯೊಳಗಿನ ದೋಷದ ಮಾತು ಬೇರೆ. ಅದು ತಯಾರಕನ ಉತ್ಪನ್ನ ಹೊಣೆಗಾರಿಕೆ. ಡೊನಹ್ಯು ವಿರುದ್ಧ ಸ್ಟೀವನ್ಸನ್ ಪ್ರಕರಣ ಇದಕ್ಕೆ ಬುನಾದಿ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯ ಕೆಫೆಯೊಂದರಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಬಸವನಹುಳು ಇತ್ತೆಂಬ ದೂರು. ದುಡ್ಡು ಕೊಟ್ಟು ಕೊಳ್ಳದವರಿಗೂ ತಯಾರಕ ಎಚ್ಚರಿಕೆಯ ಹೊಣೆ ಹೊರಬೇಕೆಂದು 1932ರಲ್ಲಿ ತೀರ್ಪು ಬಂತು.

ಪಾಲಿಸಿ ಕೊಡದ್ದನ್ನು ಬೇಗ ನೋಡಿಬಿಡೋಣ. ಬಾರಿನ ಕೆಲಸಗಾರನಿಗೆ ಆದ ಗಾಯ ಇಲ್ಲಿಗೆ ಬರುವುದಿಲ್ಲ, ಅದಕ್ಕೆ ನೌಕರರ ಪರಿಹಾರ ವಿಮೆ ಬೇಕು. ಸಿಎಲ್-9 ಸನ್ನದಿನ (ಬಾರ್ ನಡೆಸುವ ಅಬಕಾರಿ ಪರವಾನಗಿಯ) ಷರತ್ತು ಮುರಿದದ್ದಕ್ಕೆ ಬೀಳುವ ದಂಡವೂ ಬರುವುದಿಲ್ಲ. ಕುಡಿದು ಹೊರಟ ಗಿರಾಕಿ ಹೆದ್ದಾರಿ 66ರಲ್ಲಿ ಯಾರಿಗೋ ಗುದ್ದಿದರೆ ಆ ಪರಿಹಾರದ ದಾರಿ ಮೋಟಾರು ವಾಹನ ಕಾಯ್ದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮದ್ಯ ಬಡಿಸಿದವರನ್ನೇ ಹೊಣೆ ಮಾಡುವ ಡ್ರಾಮ್ ಶಾಪ್ ಕಾನೂನುಗಳಿವೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಮಾಲೀಕನ ವಶದಲ್ಲಿರುವ ಇತರರ ಸ್ವತ್ತನ್ನೂ ಪಾಲಿಸಿ ಹೊರಗಿಡುತ್ತದೆ, ಆದರೆ ಹೊಣೆ ಮಾತ್ರ ಮಾಲೀಕನ ಮೇಲೆ ಉಳಿಯುತ್ತದೆ. ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟ ಕಾರು ಕಳುವಾದ ಪ್ರಕರಣವೊಂದರಲ್ಲಿ, ಪಾರ್ಕಿಂಗ್ ಚೀಟಿಯ ಮೇಲೆ ‘ವಾಹನ ಮಾಲೀಕರ ಸ್ವಂತ ಜವಾಬ್ದಾರಿ’ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ಪಾರಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು.

ಮಿತಿಯ ಲೆಕ್ಕ ಪರೀಕ್ಷೆಯಲ್ಲಿ ಬರುವಂಥದ್ದು. ಒಂದು ಅಪಘಾತಕ್ಕೆ 10 ಲಕ್ಷ, ವರ್ಷಕ್ಕೆ ಒಟ್ಟು 20 ಲಕ್ಷ ಎಂದರೆ ಅನುಪಾತ 1:2. ಒಂದೇ ಅಡುಗೆ ತಿಂದು ಎಂಟು ಮಂದಿ ಆಸ್ಪತ್ರೆ ಸೇರಿ 12 ಲಕ್ಷದ ಹೊಣೆ ಬಂದರೆ ಅದು ಒಂದೇ ಅಪಘಾತ. ಕಂಪನಿ ಕೊಡುವುದು 10 ಲಕ್ಷ. ಮುಂದೆ ಮಹಡಿಯ ಕಟಾಂಜನ ಮುರಿದು 7 ಲಕ್ಷ, ಪೂರ್ತಿ ಸಿಗುತ್ತದೆ. ಅದೇ ವರ್ಷ ಮೂರನೆಯದು 5 ಲಕ್ಷ ಬಂದರೆ ಉಳಿದಿರುವ 3 ಲಕ್ಷ ಮಾತ್ರ. ವಕೀಲರ ಖರ್ಚೂ ಈ ಮಿತಿಯೊಳಗೇ ಸೇರುತ್ತದೆ ಎಂಬುದನ್ನು ಮರೆತು ಅಂಕ ಕಳೆದುಕೊಳ್ಳಬೇಡಿ.

ಈಗ ದಿನಾಂಕದ ವಿಷಯ. ಕೋಡಿಬಾಗದ ಮಾಲೀಕರ ಪಾಲಿಸಿ ಆ ಮೇ 31ಕ್ಕೆ ಮುಗಿದಿತ್ತು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಡಲತೀರಕ್ಕೆ ಜನರಿಲ್ಲ. “ಖಾಲಿ ಮೇಜುಗಳಿಗೆ ಏಕೆ ವಿಮೆ, ತಮ್ಮಾ? ಅಕ್ಟೋಬರ್‌ನಲ್ಲಿ ಪ್ರವಾಸಿಗರು ಬರಲಿ, ಹೊಸದಾಗಿ ಮಾಡಿಸೋಣ” ಎಂದರು. ಅವರ ಮಾತು ವ್ಯಾಪಾರದ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ಈ ಪಾಲಿಸಿ ‘ಕ್ಲೇಮ್ಸ್ ಮೇಡ್’ ಆಧಾರದ್ದು. ಅಪಘಾತ ರೆಟ್ರೋಆಕ್ಟಿವ್ ದಿನಾಂಕದ ನಂತರ ಆಗಿರಬೇಕು. ಕ್ಲೇಮ್ ಕೂಡ ಪಾಲಿಸಿ ಚಾಲ್ತಿಯಲ್ಲಿರುವಾಗಲೇ ಬರಬೇಕು. ರೆಟ್ರೋಆಕ್ಟಿವ್ ದಿನಾಂಕವೆಂದರೆ ಎಡೆಬಿಡದೆ ನವೀಕರಿಸುತ್ತ ಬಂದ ಪಾಲಿಸಿಯ ಮೊಟ್ಟಮೊದಲ ದಿನ.

ಹಿರಿಯರು ಅಲ್ಲೇ ಬಿಲ್ಲಿನ ಹಿಂಬದಿಯಲ್ಲಿ ಒಂದು ಉದಾಹರಣೆ ಬರೆದು ತೋರಿಸಿದರು. ಪಾಲಿಸಿ 1 ಜೂನ್ 2023ರಿಂದ 31 ಮೇ 2024ರವರೆಗೆ. 18 ಮೇ 2024ರಂದು, ಮುಂಗಾರುಪೂರ್ವ ಮಳೆಯಲ್ಲಿ, ಹುಬ್ಬಳ್ಳಿಯ ಗಿರಾಕಿಯೊಬ್ಬರು ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಊರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸೆಪ್ಟೆಂಬರ್ 10ಕ್ಕೆ ವಕೀಲರಿಂದ ನೋಟಿಸ್ ಕಳಿಸುತ್ತಾರೆ. ಗ್ರಾಹಕರ ಆಯೋಗಕ್ಕೆ ಹೋಗಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎರಡು ವರ್ಷ ಕೊಡುತ್ತದೆ, ಆದ್ದರಿಂದ ಅವರದೇನೂ ತಡವಲ್ಲ. ನವೀಕರಿಸದ ಪಾಲಿಸಿ ಮುಗಿದ ಮೇಲೂ ಕ್ಲೇಮ್ ತಿಳಿಸಲು ಪಾಲಿಸಿಯ ಸಾಮಾನ್ಯ ಒಕ್ಕಣೆ 90 ದಿನಗಳ ವರದಿ ಅವಧಿ ಕೊಡುತ್ತದೆ; ಅದು ಆಗಸ್ಟ್ 29ಕ್ಕೇ ಮುಗಿದಿದೆ. ಅಕ್ಟೋಬರ್ 1ರಂದು ಮಾಡಿಸಿದ ಹೊಸ ಪಾಲಿಸಿಗೆ ರೆಟ್ರೋಆಕ್ಟಿವ್ ದಿನಾಂಕವೇ ಅಕ್ಟೋಬರ್ 1. ಪಾಲಿಸಿ ಇದ್ದಾಗ ಬಿದ್ದವರಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಜೂನ್ 1ಕ್ಕೇ ನವೀಕರಿಸಿದ್ದರೆ ಮೊದಲ ದಿನಾಂಕ ಹಾಗೆಯೇ ಉಳಿದು, ಕ್ಲೇಮ್ ಚಾಲ್ತಿ ಪಾಲಿಸಿಗೆ ಬರುತ್ತಿತ್ತು. ಮಳೆಗಾಲದ ಕಂತು ಖಾಲಿ ಮೇಜಿಗಲ್ಲ, ಬೇಸಿಗೆಯಲ್ಲಿ ಉಂಡು ಹೋದವರಿಗೆ.

ಇನ್ನೊಂದು ದಾರಿಯೂ ಇತ್ತು. ಗಿರಾಕಿ ಬಿದ್ದದ್ದನ್ನು ಮಾಲೀಕರು ಮೇ 20ರಂದೇ ಕಂಪನಿಗೆ ಲಿಖಿತವಾಗಿ ತಿಳಿಸಿದ್ದರೆ, ಮುಂದೆ ಬರುವ ಕ್ಲೇಮನ್ನು ಆ ಅವಧಿಯಲ್ಲೇ ಬಂದದ್ದೆಂದು ಎಣಿಸುವ ಷರತ್ತು ಪಾಲಿಸಿಯಲ್ಲಿರುತ್ತದೆ. ಪತ್ರದಲ್ಲಿ ದಿನ, ಹೊತ್ತು, ಜಾಗ, ಬಿದ್ದವರ ಹೆಸರು, ಕಂಡವರ ಹೆಸರು ಇದ್ದರೆ ಸಾಕು. ಬಿದ್ದವರನ್ನು ಎಬ್ಬಿಸಿ, ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯುವುದನ್ನು ಯಾವ ಷರತ್ತೂ ತಡೆಯುವುದಿಲ್ಲ. ತಡೆಯುವುದು ಬಾರಿನ ಲೆಟರ್‌ಹೆಡ್ ಮೇಲೆ ‘ತಪ್ಪು ನಮ್ಮದೇ, ಪೂರ್ತಿ ಖರ್ಚು ಕೊಡುತ್ತೇವೆ’ ಎಂದು ಕಂಪನಿಯ ಒಪ್ಪಿಗೆಯಿಲ್ಲದೆ ಬರೆದುಕೊಡುವುದನ್ನು.